ಪತ್ತಿಯಿಲ್ಲದ ಕ್ಲಾರಿನೆಟ್ಟು

ಕಳೆದ ತಿಂಗಳು ಪುಣೆಯ ಹಿಂಜವಾಡಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ತರುಣನೊಬ್ಬ ಬಿಬವೇವಾಡಿಯ ನಮ್ಮ ಮನೆ ಹುಡುಕಿಕೊಂಡು ಬಂದ. ಬೆಂಗಳೂರಿನ ಕಡೆಯವನು. ಹೆಗಲಿಗೆ ಹೊಸ ಕ್ಲಾರಿನೆಟ್ಟಿನ ಪೆಟ್ಟಿಗೆ ಇತ್ತು. ಕೂತವನೇ ಕೇಳಿದ: "ಅಂಕಲ್, ಲೋ ನೋಟ್ಸ್ ಎಲ್ಲಾ ಆರಾಮಾಗಿ ಬರುತ್ತೆ. ಹೈ ನೋಟ್ಸ್‌ಗೆ ಹೋದ್ರೆ ಮಾತ್ರ ಕಿರ್ ಅನ್ನುತ್ತೆ. ಏನಾದ್ರೂ ಟ್ರಿಕ್ ಇದೆಯಾ?"

ಟ್ರಿಕ್ಕಂತೆ! ನನಗೆ ನೆತ್ತಿಗೇರಿತು. ಪುಣೆಯ ಬೀದಿಗಳಲ್ಲಿ ಇಪ್ಪತ್ತು ವರ್ಷ ಬ್ಯಾಂಡಿನ ಅಂಗಿ ತೊಟ್ಟು, ಕೆಳತುಟಿಯ ಒಳಭಾಗವನ್ನು ಹಲ್ಲಿಗೆ ತಿನ್ನಿಸಿದವನ ಮುಂದೆ ಕೂತು ಟ್ರಿಕ್ ಕೇಳುತ್ತಾನೆ. ಒಳಗಿನಿಂದ ಚಹ ತಂದ ನನ್ನ ಹೆಂಡತಿ, "ಪಾಪ, ಕೇಳಾಕ ಬಂದಾನ. ಬೈಸ್ಕೊಳ್ಳಾಕ ಬಂದಿಲ್ಲ" ಎಂದಳು. ಆ ಮೇಲೆ ನಾನು ಅವನಿಗೆ ಹೇಳಿದ್ದು ಅರ್ಧಂಬರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಿಗೂ, ಅವನ ಹಾಗೆ ಈ ಕೊಳವೆಯನ್ನು ಬಾಯಿಗಿಡಲು ಹೊರಟ ಇತರರಿಗೂ.

ನಾನು ಇಂಡಿ ತಾಲೂಕಿನವನು. ಮನೆಯಲ್ಲಿ ಚಿಕ್ಕಪ್ಪಂದಿರು ಸನಾದಿ ಊದುತ್ತಿದ್ದರು. ನಾನು ಪುಣೆಗೆ ಬಂದದ್ದು ಊದಲಿಕ್ಕಲ್ಲ, ಕಟ್ಟಡದ ಕೆಲಸಕ್ಕೆ, ಸಿಮೆಂಟಿನ ಬುಟ್ಟಿ ಹೊರಲಿಕ್ಕೆ. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಒಂದು ದಿನ ಮದುವೆಯ ಮೆರವಣಿಗೆಯೊಂದು ನಮ್ಮ ಕೆಲಸದ ಜಾಗದ ಮುಂದೆ ಹಾಯ್ದು ಹೋಗುವಾಗ, ಮುಂದಿನ ಸಾಲಿನ ಕ್ಲಾರಿನೆಟ್ಟಿನವರು ಸ್ಕೂಟರ್ ನುಗ್ಗಿಸಿದ ಒಬ್ಬನನ್ನು ಅಚ್ಚ ಇಂಡಿಯ ಮಾತಿನಲ್ಲಿ ಬೈದರು. ಕಿವಿಗೆ ಜೇನು ಬಿದ್ದಂತಾಯಿತು. ಬುಟ್ಟಿ ಕೆಳಗಿಟ್ಟು ಅವರ ಹಿಂದೆ ಹೋದೆ. ಅವರೇ ಭೀಮಪ್ಪ ಕಾಕಾ. ಆ ಬ್ಯಾಂಡಿನ ಮೊದಲನೇ ಕ್ಲಾರಿನೆಟ್ಟು.

ಮೊದಲನೇ ಕ್ಲಾರಿನೆಟ್ಟು ಅಂದರೆ ಏನು ಎಂಬುದು ಈಗಿನವರಿಗೆ ಗೊತ್ತಿಲ್ಲ. ನಮ್ಮ ಬ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಮದುವೆಯಲ್ಲಿ ಅಕ್ಷತೆ ಬಿದ್ದು ವಧೂವರರ ನಡುವಿನ ಅಂತರಪಟ ಸರಿದ ಕೂಡಲೇ, ಮೊದಲು ಮೊದಲನೇ ಕ್ಲಾರಿನೆಟ್ಟಿನ ಮೇಲಿನ ಷಡ್ಜ ಒಂದೇ ಏಳಬೇಕು. ಡೋಲಿಲ್ಲ, ತುತ್ತೂರಿಯಿಲ್ಲ. ಒಂದು ಉಸಿರು ಮುಗಿಯುವ ತನಕ ಆ ಸ್ವರ ನಿಲ್ಲಬೇಕು. ಆಮೇಲೆ ಉಳಿದ ವಾದ್ಯಗಳೆಲ್ಲ ಬೀಳಬೇಕು. ಆ ಒಂದು ಉಸಿರಿಗಾಗಿ ಭೀಮಪ್ಪ ಕಾಕಾ ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲುತ್ತಿದ್ದರು. ಆ ಜಾಗಕ್ಕೆ ಬೇರೆ ಯಾರೂ ಬರುವಂತಿರಲಿಲ್ಲ.

ನನಗೆ ಕಲಿಸಿದವರು ಅವರು. ಮೊದಲ ಆರು ತಿಂಗಳು ಮೇಲಿನ ಸ್ವರ ಮುಟ್ಟಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಕೆಳಗಿನ ಒಂದೊಂದೇ ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿಸುತ್ತಿದ್ದರು. ನಾನು ಅವಸರ ಮಾಡಿದರೆ, "ಕೆಳಗಿನ ಸಾ ಗಟ್ಟಿ ಇಲ್ಲದಾವಗ ಮ್ಯಾಲಿನ ಸಾ ಯಾರ ಕೊಡ್ತಾರ?" ಎನ್ನುತ್ತಿದ್ದರು. ಕ್ಲಾರಿನೆಟ್ಟಿನ ಬೆನ್ನಿಗೆ ಹೆಬ್ಬೆರಳಿನ ಒಂದು ಕೀಲಿ ಇರುತ್ತದೆ. ಅದನ್ನು ಒತ್ತಿದರೆ ಬೆರಳುಗಳು ಇದ್ದಲ್ಲೇ ಇದ್ದು ಸ್ವರ ಮಾತ್ರ ಮೇಲಕ್ಕೆ ಜಿಗಿಯುತ್ತದೆ. ಜಿಗಿಯುವಾಗ ಬಾಯಿ ಅಲುಗಬಾರದು. ಕನ್ನಡಿಯ ಮುಂದೆ ನಿಲ್ಲಿಸಿ ಇದನ್ನು ನೂರಾರು ಸಲ ಮಾಡಿಸಿದರು. ಗದ್ದ ಸುಕ್ಕಾದರೆ ತಲೆಗೆ ಮೊಟಕುತ್ತಿದ್ದರು.

"ಹಲ್ಲು ಕಚ್ಚಿದ್ರ ಸ್ವರ ಮ್ಯಾಲ ಹೋಗ್ತದ ಅಂತ ಎಲ್ಲಾರೂ ತಿಳ್ಕೊಂಡಾರ. ಹೋಗ್ತದ, ಖರೆ. ಆದ್ರ ಬಾಲಾ ತುಳಿಸಿಕೊಂಡ ನಾಯಿ ಒದರಿದಂಗ ಹೋಗ್ತದ. ಗಾಳಿ ಹೊಟ್ಟಿಲೆ ಬರಬೇಕು, ತಮ್ಮಾ. ತುಟಿದು ಕೆಲಸ ಬರೇ ಬಾಗಲಾ ಕಾಯೂದು."

ಟ್ರಿಕ್ ಕೇಳಿದ ತರುಣನಿಗೆ ಇಷ್ಟೇ ಟ್ರಿಕ್ಕು. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಮಾಡಲು ನನಗೆ ಮೂರು ವರ್ಷ ಹಿಡಿಯಿತು.

ಆದರೆ ಕಲಿತದ್ದನ್ನು ಕಲಿತಂತೆ ನುಡಿಸಲು ಬಿಡುವವರು ಯಾರು? ನಮ್ಮ ಬ್ಯಾಂಡಿನ ಮಾಲಕನನ್ನು ಎಲ್ಲರೂ ಶೇಠ ಎನ್ನುತ್ತಿದ್ದೆವು. ಮರಾಠಿ ಮನುಷ್ಯ. ಸಾ ಯಾವುದು ಪಾ ಯಾವುದು ಅವನಿಗೆ ತಿಳಿಯದು. ಎತ್ತರದ ಸ್ವರ ಕೇಳಿದರೆ ಹೆಣ್ಣಿನ ಕಡೆಯವರು ಬಾಯಿ ಬಿಟ್ಟು ನೋಡುತ್ತಾರೆ ಎಂಬುದೊಂದು ತಿಳಿದಿತ್ತು. ಮೆರವಣಿಗೆಯ ಬದಿಯಲ್ಲಿ ನಡೆಯುತ್ತ, ಕೈ ಮೇಲೆತ್ತಿ "ಅಜೂನ್ ವರ! ಅಜೂನ್ ವರ!" ಎಂದು ಕೂಗುತ್ತಿದ್ದ. ಇನ್ನೂ ಮೇಲೆ, ಇನ್ನೂ ಮೇಲೆ! ನಾವೇನು ಬಾವಿಯಿಂದ ಕೊಡ ಎಳೆಯುತ್ತಿದ್ದೆವೇ? ಮೂರು ತಾಸು ಮೆರವಣಿಗೆ. ಕುಣಿಯುವವರಿಗೆ ಒಂದೇ ಹಾಡು ಹತ್ತು ಸಲ ಬೇಕು. ಹತ್ತೂ ಸಲ ಮೇಲಿನ ಸಪ್ತಕದಲ್ಲೇ ಬೇಕು. ಎರಡನೇ ತಾಸಿಗೆ ತುಟಿ ಸೋಲುತ್ತದೆ. ತುಟಿ ಸೋತಾಗ ಮನುಷ್ಯ ಕಚ್ಚುತ್ತಾನೆ. ಕಚ್ಚಬಾರದೆಂದು ಗೊತ್ತಿದ್ದೂ ಕಚ್ಚುತ್ತಾನೆ. ಸಂಜೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರೆ ಕೆಂಪಾಗುತ್ತಿತ್ತು. ಕ್ಲಾರಿನೆಟ್ಟಿನ ಮೇಲುಭಾಗಕ್ಕೆ ಮೇಲಿನ ಮುಂದಿನ ಹಲ್ಲುಗಳು ಆನಿಕೊಂಡಿರುತ್ತವೆ. ವರ್ಷಗಟ್ಟಲೆ ಹಾಗೆ ಒತ್ತಿದರೆ ಆ ಹಲ್ಲುಗಳು ಸಡಿಲಾಗುತ್ತವೆ. ಹಲ್ಲು ಹೋದವನಿಗೆ ಮೇಲಿನ ಸ್ವರವೂ ಹೋಯಿತು. ಇದನ್ನು ಯಾವ ಶೇಠನೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಮೆರವಣಿಗೆಯಲ್ಲಿ ನಡುನಡುವೆ ಕೆಳಗಿನ ಸಪ್ತಕಕ್ಕೆ ಇಳಿಯಿರಿ. ಕೂಗುವವನು ಕೂಗಲಿ.

ನನ್ನ ಅತಿ ದೊಡ್ಡ ತಪ್ಪನ್ನೂ ಇಲ್ಲಿ ಬರೆದುಬಿಡುತ್ತೇನೆ. ಭೀಮಪ್ಪ ಕಾಕಾಗೆ ಜ್ವರ ಬಂದು, ಮೊದಲ ಸಲ ಅಕ್ಷತೆಯ ಸ್ವರ ನನ್ನ ಪಾಲಿಗೆ ಬಂದಿತ್ತು. ಸಾತಾರ ರಸ್ತೆಯ ಕಡೆಯ ಒಂದು ಮಂಗಲ ಕಾರ್ಯಾಲಯ. ಮಂಗಲಾಷ್ಟಕದ ಪ್ರತಿ ಪದ್ಯವೂ "ಶುಭಮಂಗಲ ಸಾವಧಾನ" ಎಂದೇ ಮುಗಿಯುತ್ತದೆ. ಪ್ರತಿ ಸಲವೂ ಜನ ಅಕ್ಷತೆ ಎಸೆಯುತ್ತಾರೆ. ಕೊನೆಯ ಪದ್ಯ ಮುಗಿದಾಗ ಮಾತ್ರ ಅಂತರಪಟ ಸರಿಯುತ್ತದೆ, ಆಗ ನಾವು ಊದಬೇಕು. ಬ್ಯಾಂಡಿನವರನ್ನು ಹೊರಗೆ ಚಪ್ಪಲಿಗಳ ಹತ್ತಿರ ನಿಲ್ಲಿಸಿರುತ್ತಾರೆ. ಒಳಗಿನದು ಏನೂ ಕಾಣದು. ಪದ್ಯ ಎಣಿಸುವುದೊಂದೇ ದಾರಿ. ಭಟ್ಟರು ಐದು ಪದ್ಯ ಎಂದಿದ್ದರು. ನಾನು ಎಣಿಸಿದೆ. ಐದನೆಯ ಸಾವಧಾನ ಕೇಳಿದ್ದೇ ತಡ, ಹೊಟ್ಟೆ ತುಂಬ ಗಾಳಿ ಹಿಡಿದು ಬಿಟ್ಟೆ. ಅಂಥ ಶುದ್ಧ ಷಡ್ಜ ನಾನು ಅಲ್ಲಿಯವರೆಗೆ ಊದಿರಲಿಲ್ಲ. ಹಿಂದೆಯೇ ಡೋಲು ಬಿತ್ತು.

ಒಳಗೆ ಆದದ್ದು ಬೇರೆ. ವರನ ಸೋದರತ್ತೆ ಮನೆಮಂದಿಯ ಹೆಸರುಗಳನ್ನೆಲ್ಲ ಹೊಸೆದು ಒಂದು ಪದ್ಯ ಬರೆದುಕೊಂಡು ಬಂದಿದ್ದರು. ಆರನೆಯದಾಗಿ ಅದನ್ನು ಹಾಡಲು ಆಗ ತಾನೇ ಕಾಗದ ಬಿಚ್ಚಿದ್ದರು. ಬ್ಯಾಂಡು ಕೇಳಿದ್ದೇ ಅಂತರಪಟ ಹಿಡಿದವರು ಬಟ್ಟೆ ಬಿಟ್ಟರು. ಹುಡುಗಿ ಹಾರ ಹಾಕಿಯೇಬಿಟ್ಟಳು. ಸೋದರತ್ತೆ ಕಾಗದ ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಂದೆ ನಿಂತು, "ಮಾಝಂ ಕಡವಂ ರಾಹಿಲಂ!" ಎಂದು ಕಣ್ಣು ಕೆಂಪಗೆ ಮಾಡಿದರು. ನನ್ನ ಪದ್ಯ ಉಳಿದುಹೋಯಿತಲ್ಲ ಎಂದು. ಕೊನೆಗೆ, ಹಾರ ಹಾಕಿಕೊಂಡ ಗಂಡಹೆಂಡಿರ ನಡುವೆ ಮತ್ತೆ ಬಟ್ಟೆ ಹಿಡಿದು ಆಕೆ ಪದ್ಯ ಹಾಡಿದರು. ಶೇಠ ನನ್ನಿಂದ ಮತ್ತೊಮ್ಮೆ ಊದಿಸಿದ. ಎರಡನೆಯ ಸಲ ಸ್ವರ ಒಡೆಯಿತು. ನಾಲ್ಕು ಮಂದಿಯ ಎದುರು ಶೇಠ ನನಗೆ ಹೇಳಬಾರದ್ದನ್ನೆಲ್ಲ ಹೇಳಿದ. ಆರನೆಯ ಪದ್ಯವಿದೆ ಎಂದು ಹೊರಗಿನವರಿಗೆ ಹೇಳಬೇಕೆಂದು ಒಬ್ಬರಿಗಾದರೂ ಹೊಳೆದಿತ್ತೇ?

ಮರುದಿನ, ಸುದ್ದಿ ತಿಳಿದಿದ್ದ ಭೀಮಪ್ಪ ಕಾಕಾ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದರು, "ಮೊದಲನೇದು ಹೆಂಗ ಬಂತು?"

"ಭಾಳ ಛಲೋ ಬಂತ್ರಿ ಕಾಕಾ."

"ಮತ್ತ ಮುಗೀತಲ್ಲ. ಎರಡನೇದು ಆಕೀ ಸಲುವಾಗಿ ಊದಿದ್ದು, ಅದು ಹಂಗs ಇರ್ತದ."

ಅಂದಿನಿಂದ ಝಾಂಜು ಬಡಿಯುವವನನ್ನು ಕಾರ್ಯಾಲಯದ ಬಾಗಿಲಲ್ಲಿ ನಿಲ್ಲಿಸಿ, ಪಟ ಸರಿದಾಗ ಕೈ ಎತ್ತಲು ಹೇಳಿದೆವು. ನೀವೂ ಎಣಿಕೆಯನ್ನು ನಂಬಬೇಡಿ, ಯಾರನ್ನಾದರೂ ಬಾಗಿಲಲ್ಲಿ ನಿಲ್ಲಿಸಿ.

ಪತ್ತಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಪತ್ತಿ ಎಂದರೆ ಬಾಯಿಗಿಡುವ ತುದಿಗೆ ಕಟ್ಟುವ ಬೆತ್ತದ ತೆಳು ಪಟ್ಟಿ, ನೀವು ರೀಡ್ ಎನ್ನುತ್ತೀರಿ. ನಡುಗುವುದು ಅದು, ಸ್ವರ ಹುಟ್ಟುವುದು ಅದರಲ್ಲಿ. ಈಗ ಅಂಗಡಿಗೆ ಹೋಗಿ ನಂಬರು ಹೇಳಿದರೆ ಡಬ್ಬಿ ಸಿಗುತ್ತದೆ. ಆಗ ಒಂದು ಪತ್ತಿಯನ್ನು ಇಡೀ ಹಂಗಾಮು ನುಡಿಸುತ್ತಿದ್ದೆವು. ಉಗುಳಿಗೆ ನೆನೆನೆನೆದು ಪತ್ತಿ ಮೆತ್ತಗಾದರೆ ಮೇಲಿನ ಸ್ವರ ಸೊರಗುತ್ತದೆ. ಆಗ ಭೀಮಪ್ಪ ಕಾಕಾ ಅದರ ತುದಿಯನ್ನು ನಾಣ್ಯದ ಅಂಚಿಗೆ ಸರಿಯಾಗಿ ಹಿಡಿದು, ಹೊರಗುಳಿದ ಕೂದಲೆಳೆಯಷ್ಟನ್ನು ಬೀಡಿಯ ಕೆಂಡದಿಂದ ಸುಡುತ್ತಿದ್ದರು. ತುದಿ ಗಟ್ಟಿಯಾಗಿ ಪತ್ತಿಗೆ ಮತ್ತೆ ಜೀವ ಬರುತ್ತಿತ್ತು. ನಾನು ಸುಡಲು ಹೋಗಿ ಅವರ ಎರಡು ಒಳ್ಳೆಯ ಪತ್ತಿ ಹಾಳು ಮಾಡಿದ್ದೇನೆ.

ತೊಂಬತ್ತರ ದಶಕದ ಕೊನೆಗೆ ತಳ್ಳುಗಾಡಿ ಬಂತು. ಗಾಡಿಯ ಮೇಲೆ ಜನರೇಟರು, ಭೋಂಗಾ ಎನ್ನುವ ಧ್ವನಿವರ್ಧಕ, ಕೀಬೋರ್ಡು, ಒಬ್ಬ ಗಾಯಕ. ಗಾಯಕನಿಗೆ ಗಂಟಲು ಕಟ್ಟಿದರೆ ಕೀಬೋರ್ಡಿನವನು ಒಂದು ಗುಂಡಿ ಒತ್ತುತ್ತಿದ್ದ. ಇಡೀ ಹಾಡು ಕರಿ ಒಂದರ ಶ್ರುತಿಯಿಂದ ಬಿಳಿ ಒಂದರ ಶ್ರುತಿಗೆ ಇಳಿಯುತ್ತಿತ್ತು. ಅವನ ಬೆರಳುಗಳು ಇದ್ದಲ್ಲೇ! ನಮ್ಮ ಹತ್ತೂ ಬೆರಳು ತಬ್ಬಿಬ್ಬು. ನಡೆಯುತ್ತಾ ನಡೆಯುತ್ತಾ ಹಾಡನ್ನೇ ಹೊಸದಾಗಿ ಹುಡುಕಬೇಕು. ಅದೂ ಸಾಲದೆಂದು ಪುಣೆಯ ಡಿಸೆಂಬರಿನ ಚಳಿ. ಚಳಿಗೆ ಕ್ಲಾರಿನೆಟ್ಟಿನ ಸ್ವರ ಇಳಿಯುತ್ತದೆ. ಕೀಬೋರ್ಡಿಗೆ ಚಳಿಯಿಲ್ಲ. ಎರಡೂ ಕೂಡದಿದ್ದರೆ ಬೈಗುಳ ಯಾರಿಗೆ? ಊದುವವನಿಗೆ. "ಬೇಸೂರ್! ಬೇಸೂರ್!" ಎಂದು ಶೇಠ ಭೋಂಗಾದ ಪಕ್ಕದಲ್ಲಿ ನಿಂತು ಕೂಗುತ್ತಿದ್ದ. ಗುಂಡಿ ಒತ್ತಿದವನಿಗೆ ಒಂದು ಮಾತಿಲ್ಲ.

ಇಷ್ಟಾದರೂ ತಡೆದುಕೊಂಡೆವು. ತಡೆಯಲಾರದ್ದು ಕೆಲವು ವರ್ಷಗಳ ನಂತರ ಬಂತು. ಹೊಸ ಕೀಬೋರ್ಡಿನಲ್ಲಿ ಕ್ಲಾರಿನೆಟ್ಟಿನ ದನಿಯೇ ಇತ್ತು. ಚಾತುರ್ಮಾಸ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಶೇಠ ನಮ್ಮನ್ನು ಕೂಡಿಸಿ ಹೇಳಿದ: ಇನ್ನು ಮುಂದೆ ಕ್ಲಾರಿನೆಟ್ಟಿನವರು ಊದಬಾರದು. ಅಂಗಿ ತೊಟ್ಟು, ಟೋಪಿ ಇಟ್ಟು, ವಾದ್ಯ ಬಾಯಿಗೆ ಹಿಡಿದು ನಡೆಯಬೇಕು. ದನಿ ಗಾಡಿಯಿಂದ ಬರುತ್ತದೆ. ಹಳಬರು ರೂಢಿಯಿಂದ ಮರೆತು ಊದಿಬಿಟ್ಟಾರು ಎಂದು, ಪ್ರತಿ ಮದುವೆಗೆ ಮುಂಚೆ ಪತ್ತಿಗಳನ್ನು ಬಿಚ್ಚಿಸಿ ಪೇಢೆಯ ಒಂದು ಖಾಲಿ ಡಬ್ಬಿಯಲ್ಲಿ ಹಾಕಿಸಿಕೊಳ್ಳುತ್ತಿದ್ದ.

ಪತ್ತಿಯಿಲ್ಲದ ಕ್ಲಾರಿನೆಟ್ಟಿಗೆ ಗಾಳಿ ಊದಿದರೆ ಬರಿ ಸುಸ್ ಎನ್ನುತ್ತದೆ. ಕೆನ್ನೆ ಉಬ್ಬಿಸಿಕೊಂಡು, ಬೆರಳು ಆಡಿಸಿಕೊಂಡು, ಗಣಪತಿ ಮಂಟಪದ ದೇಖಾವೆಯಲ್ಲಿ ಯಂತ್ರದಿಂದ ಆಡುವ ಗೊಂಬೆಗಳ ಹಾಗೆ ನಡೆದೆವು. ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಹಿಂಜವಾಡಿಯ ಒಂದು ಮದುವೆಯಲ್ಲಿ ಅಕ್ಷತೆ ಬಿದ್ದಾಗ ಗಾಡಿಯಿಂದ ಮೇಲಿನ ಷಡ್ಜ ಎದ್ದಿತು. ವಧುವಿನ ಕಡೆಯ ಹಿರಿಯರೊಬ್ಬರು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದು, "ಕಾಯ ಸೂರ ಲಾವಲಾತ!" ಎಂದರು. ಎಂಥ ಸ್ವರ ಹಚ್ಚಿದಿರಿ! ಅವರ ಕಣ್ಣಲ್ಲಿ ನೀರಿತ್ತು. ನಾನು ಊದದ ಸ್ವರಕ್ಕೆ! ಅಷ್ಟು ವರ್ಷ ನಿಜವಾಗಿ ಊದಿದ ಸ್ವರಕ್ಕೆ ಒಬ್ಬರೂ ಬಂದು ಕೈ ಹಿಡಿದಿರಲಿಲ್ಲ. ನಾನು ಧನ್ಯವಾದ ಎಂದೆ. ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಪಕ್ಕದಲ್ಲಿ ಭೀಮಪ್ಪ ಕಾಕಾ ಮಾತಿಲ್ಲದೆ ನಿಂತಿದ್ದರು. ಆ ಹಂಗಾಮಿನಲ್ಲಿ ಅವರು ಮಾತನ್ನೇ ಕಡಿಮೆ ಮಾಡಿದ್ದರು. ಮೀಸೆಯನ್ನು ತುಟಿ ಮುಚ್ಚುವಷ್ಟು ಬಿಟ್ಟಿದ್ದರು. ಚಪಾತಿಯನ್ನು ಚಹದಲ್ಲಿ ಅದ್ದಿ ತಿನ್ನುತ್ತಿದ್ದರು. ನನ್ನಂತೆ ಅವರೂ ಅವಮಾನದಿಂದ ಕುದಿಯುತ್ತಿದ್ದಾರೆ ಎಂದುಕೊಂಡೆ. ನಿಜ ಬೇರೆ ಇತ್ತು. ಮಳೆಗಾಲದಲ್ಲಿ, ಮದುವೆಗಳಿಲ್ಲದ ತಿಂಗಳುಗಳಲ್ಲಿ, ಅವರ ಮೇಲಿನ ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದವು. ಯಾರಿಗೂ ಹೇಳಿರಲಿಲ್ಲ. ಅವರ ಮಗಳ ಮದುವೆ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಂದಿಗೆ ಗೊತ್ತಾಗಿತ್ತು. ಬೀಗರಿಗೆ, ಹುಡುಗಿಯ ತಂದೆ ಬ್ಯಾಂಡಿನ ಮೊದಲನೇ ಕ್ಲಾರಿನೆಟ್ಟು ಎಂದು ದೊಡ್ಡ ಅಭಿಮಾನ. ಆ ಮದುವೆಯವರೆಗೆ, ಇದೊಂದು ಹಂಗಾಮು, ಬಲತುದಿಯ ಜಾಗದಲ್ಲಿ ನಿಂತರೆ ಸಾಕು ಎಂಬುದೊಂದೇ ಅವರ ಆಸೆ. ಪತ್ತಿ ಬಿಚ್ಚಿಸಿದ್ದು ನನಗೆ ಅವಮಾನ, ಅವರಿಗೆ ಆಸರೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಹಿಂಜವಾಡಿಯ ಮದುವೆಯ ಮರುದಿನ ಬ್ಯಾಂಡಿನ ಖೋಲಿಯಲ್ಲಿ ಎಲ್ಲರೂ ಕೂಡಿದ್ದಾಗ ನಾನು ಎದ್ದು ನಿಂತೆ. ಪೇಢೆಯ ಡಬ್ಬಿಯನ್ನು ಶೇಠನ ಮುಂದೆ ಕುಕ್ಕಿದೆ. ಮರಾಠಿಯಲ್ಲಿ ನನಗೆ ಬರುವ ಅಷ್ಟೂ ಗಟ್ಟಿ ಮಾತು ಹೇಳಿದೆ. ನಾವು ಗೊಂಬೆಗಳಲ್ಲ, ನಮ್ಮ ಪತ್ತಿ ನಮಗೆ ಕೊಡು, ನಾನೂ ಕಾಕಾನೂ ಇವತ್ತಿಗೂ ಮೇಲಿನ ಷಡ್ಜವನ್ನು ಒಂದು ಉಸಿರು ಹಿಡಿಯುತ್ತೇವೆ, ನಿನ್ನ ಗಾಡಿ ಅದರ ಮುಂದೆ ಏನೂ ಅಲ್ಲ ಎಂದೆ. ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು.

ಶೇಠ ಸಿಟ್ಟಾಗಲಿಲ್ಲ. ಡಬ್ಬಿ ತೆರೆದು ನಮ್ಮತ್ತ ಸರಿಸಿದ. "ಠೀಕ ಆಹೆ. ದೋಘೇಹೀ ವಾಜವಾ" ಎಂದ. ಇಬ್ಬರೂ ನುಡಿಸಿ. ಹಿಡಿದವನಿಗೆ ಪತ್ತಿ ಮರಳಿ ಕೊಡುತ್ತೇನೆ, ಹಿಡಿಯಲಾರದವನು ನನ್ನ ಬ್ಯಾಂಡಿನ ಮುಂದಿನ ಸಾಲಿನಲ್ಲಿ ನಿಲ್ಲುವುದು ಬೇಡ. ಒಪ್ಪಿಗೆಯೇ?

"ಒಪ್ಪಿಗೆ" ಎಂದೆ. ಇಬ್ಬರ ಪರವಾಗಿಯೂ ನಾನೇ ಎಂದೆ. ಭೀಮಪ್ಪ ಕಾಕಾ ನನ್ನ ಮುಖ ನೋಡಿದರು. ನಾನು ಆ ನೋಟವನ್ನು ಮೆಚ್ಚುಗೆ ಎಂದುಕೊಂಡೆ!

ಮೊದಲು ನಾನು ಊದಿದೆ. ತಿಂಗಳುಗಟ್ಟಲೆ ಒಳಗೆ ಕೂಡಿಟ್ಟ ಗಾಳಿಯೆಲ್ಲ ಹೊರಗೆ ಬಂತು. ಸ್ವರ ತಗಡಿನ ಮಾಡಿಗೆ ತಾಗಿ ನಿಂತಿತು. ಕಾಕಾ ಹೇಳಿಕೊಟ್ಟ ಹಾಗೇ, ಹಲ್ಲು ಕಚ್ಚದೆ. ಮುಗಿಸಿ ಅವರತ್ತ ನಕ್ಕೆ.

ಅವರು ತಮ್ಮ ಪತ್ತಿಯನ್ನು ಡಬ್ಬಿಯಿಂದ ಆರಿಸಿ ತೆಗೆದು, ನಾಲಿಗೆಗೆ ಒತ್ತಿ ನೆನೆಸಿ, ಕಟ್ಟಿದರು. ಕೆಳಗಿನ ಸಪ್ತಕದಿಂದ ಶುರು ಮಾಡಿದರು. ಆ ಕೆಳಗಿನ ಸ್ವರಗಳನ್ನು ಹೇಗೆ ಹೇಳಲಿ, ಗಾಡಿಯವನೂ ಬೀಡಿ ಆರಿಸಿ ಕೂತ. ನಿಧಾನವಾಗಿ ಮಧ್ಯ ಸಪ್ತಕದ ಪಂಚಮದವರೆಗೆ ಹತ್ತಿದರು. ಅಲ್ಲಿ ನಿಂತರು.

"ವರ?" ಎಂದ ಶೇಠ. ಮೇಲೆ?

"ವರ ನಾಹೀ, ಶೇಠ. ದಾತ ಗೇಲೇ." ಮೇಲಿಲ್ಲ, ಹಲ್ಲು ಹೋಗಿವೆ. ಕಾಕಾ ಬೆರಳಿನಿಂದ ಮೀಸೆ ಎತ್ತಿ ತೋರಿಸಿದರು. ಹದಿನಾಲ್ಕು ಮಂದಿಯ ಎದುರು, ಮೊದಲನೇ ಕ್ಲಾರಿನೆಟ್ಟು, ಬಾಯಿ ತೆರೆದು ತೋರಿಸಿದರು. ಆಮೇಲೆ ವಾದ್ಯವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೊರಗೆ ನಡೆದರು.

ನಾನು ಹಿಂದೆ ಓಡಿದೆ. "ಕಾಕಾ, ನನಗ ಗೊತ್ತಿರಲಿಲ್ರಿ. ಆ ಶೇಠ ಮಾಡಿದ್ದು ಅನ್ಯಾಯ ಅಲ್ಲೇನ್ರಿ? ನಮ್ಮಿಬ್ಬರ ಸಲುವಾಗಿ ನಾ..."

"ಅನ್ಯಾಯನs ಅದ. ನಿನ್ನ ಸಿಟ್ಟು ಖರೆ ಅದ, ತಮ್ಮಾ." ಅವರು ರಸ್ತೆ ನೋಡುತ್ತ ನಿಂತರು. "ಆದ್ರ ನಿನ್ನಿ ರಾತ್ರಿ ನನ್ನ ಸಂಗತೀನ ಕುಂತು ಚಹಾ ಕುಡದಿ. ಒಂದು ಮಾತ ನನ್ನ ಕೇಳಬೇಕಾಗಿತ್ತಿಲ್ಲೋ?"

ಅವರು ಪೆಟ್ಟಿಗೆ ಹಿಡಿದು ನಡೆದುಬಿಟ್ಟರು.

ಶೇಠ ಮಾತಿನಂತೆ ನನ್ನ ಪತ್ತಿ ನನಗೆ ಕೊಟ್ಟ. ಬಲತುದಿಯ ಜಾಗವನ್ನೂ ಕೊಟ್ಟ. ಗಾಡಿಯ ಭೋಂಗಾವನ್ನು ಮಾತ್ರ ಇನ್ನಷ್ಟು ಜೋರು ಮಾಡಿಸಿದ. ನಾನು ಅಕ್ಷತೆಗೆ ಮೇಲಿನ ಷಡ್ಜ ಊದುತ್ತಿದ್ದೆ, ನನ್ನ ಕಿವಿಗೇ ಅದು ಕೇಳಿಸುತ್ತಿರಲಿಲ್ಲ. ಶೇಠನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಮಾಘದಲ್ಲಿ ಭೀಮಪ್ಪ ಕಾಕಾ ಮಗಳ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಹೆಂಡತಿಯ ಕೈಯಲ್ಲಿ ಅಕ್ಷತೆ ಇಟ್ಟು, "ಎಲ್ಲಾರೂ ಬರಬೇಕವಾ, ಎರಡು ದಿನಾ ಮೊದಲs ಬರಬೇಕು" ಎಂದರು. ಚಹ ಕುಡಿದರು. ನಾನು ಧೈರ್ಯ ಮಾಡಿ, ಅಕ್ಷತೆಯ ಸ್ವರ ನಾನು ಊದಲೇ ಎಂದು ಕೇಳಿದೆ. ಈ ಸಲ ಕೇಳಿದೆ.

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಬಾಗಿದ್ದರು. ತಲೆ ಎತ್ತಲಿಲ್ಲ.

"ನೀ ಬಾ, ತಮ್ಮಾ. ವಾದ್ಯ ತರಬ್ಯಾಡ."

ಬರಿಗೈಯಲ್ಲಿ ಹೋದೆ. ಎರಡು ದಿನ ಮೊದಲೇ ಹೋದೆ. ಮದುವೆಯ ದಿನ ಊಟದ ಪಂಕ್ತಿಯಲ್ಲಿ ನೀರು ಬಡಿಸಿದೆ.